ಭಾವನ ಕೈಯ ಬಳೆ

ನಮ್ಮ ಭಾವನಿಗೆ ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟಿರುವ ಹೆಸರು ಕರಡಿ. ಇಟ್ಟವನು ಅವರ ಜೊತೆ ಕೆಲಸ ಮಾಡುವ ಕುಳ್ಳ. ದಪ್ಪ ಕೋಟು, ಕಿವಿ ಮುಚ್ಚುವ ಟೋಪಿ, ಮೊಣಕಾಲುದ್ದದ ಬೂಟು, ಒಂದರ ಮೇಲೊಂದು ಎರಡು ಜೊತೆ ಕೈಗವಸು, ಮೀಸೆಯ ಮೇಲೆ ಮಂಜು. ಈ ವೇಷದಲ್ಲಿ ಅವರು ಮೂರನೇ ಕೋಣೆಯ ಬಾಗಿಲು ತಳ್ಳಿಕೊಂಡು ಹೊರಗೆ ಬರುವುದನ್ನು ಒಂದು ಸಲ ನೋಡಿದವರಿಗೆ ಬೇರೆ ಹೆಸರು ಹೊಳೆಯುವುದಿಲ್ಲ. ಅವರಿಗೂ ಅದರ ಬಗ್ಗೆ ಬೇಸರವಿಲ್ಲ. "ಕರಡಿಗೆ ಜೇನಾದ್ರೂ ಸಿಗುತ್ತೆ, ನನಗೆ ಬರೀ ಬಟಾಣಿ" ಎನ್ನುತ್ತಾರೆ.

ಅವರು ನನ್ನ ಅಕ್ಕನ ಗಂಡ. ತಲೆಗೂದಲೆಲ್ಲ ಕಪ್ಪಗಿದ್ದಾಗ ಆ ಕೆಲಸಕ್ಕೆ ಸೇರಿದವರು. ಈಗ ಮಂಜು ಕರಗಿದ ಮೇಲೂ ಮೀಸೆ ಬೆಳ್ಳಗೇ ಇರುತ್ತದೆ. ಮನೆಯಲ್ಲಿ ಫ್ಯಾನಿನ ಸ್ವಿಚ್ಚಿಗಾಗಿ ಅಕ್ಕನಿಗೂ ಅವರಿಗೂ ವರ್ಷವಿಡೀ ಜಗಳ. ಊರೆಲ್ಲ ಬೆವತು ನೀರಾಗುವ ಬಿಸಿಲಿನಲ್ಲೂ ಅವರಿಗೆ ಕಂಬಳಿ ಬೇಕು. ಜಗಳ ಎಂದೆ, ಆದರೆ ಅದು ಅಕ್ಕ ಒಬ್ಬಳೇ ಆಡುವ ಜಗಳ. ಭಾವ ದಿಂಬು ಎತ್ತಿಕೊಂಡು ಹೋಗಿ ಅಡುಗೆಮನೆಯ ಒಲೆ ಪಕ್ಕ ಮಲಗಿಬಿಡುತ್ತಾರೆ. ಅವರು ದನಿ ಎತ್ತಿದ್ದನ್ನು ನಾನು ಕಂಡಿಲ್ಲ. ಕೋಪ ಹಂಚುವಾಗ ದೇವರು ಅವರ ಪಾಲನ್ನೂ ಸೇರಿಸಿ ನಿನಗೇ ಕೊಟ್ಟುಬಿಟ್ಟ ಎಂದು ಅಕ್ಕ ನನಗೆ ಹೇಳುತ್ತಾಳೆ. ಇರಬಹುದು. ನನ್ನದು ಕೋಲ್ಡ್ ಸ್ಟೋರೇಜಿನ ದಾರಿಯಲ್ಲೇ ಒಂದು ಪಂಕ್ಚರ್ ಅಂಗಡಿ. ದಿನವಿಡೀ ಲಾರಿ ಟೈರಿನ ಜೊತೆ ಗುದ್ದಾಡುವವನ ಬಾಯಲ್ಲಿ ಬೆಣ್ಣೆಯಂಥ ಮಾತು ಎಲ್ಲಿಂದ ಬರಬೇಕು?

ಮೂರನೇ ಕೋಣೆ ಎಂದರೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ. ಬಟಾಣಿ, ಮೀನು, ಐಸ್‌ಕ್ರೀಮು, ಎಲ್ಲವೂ ಪೆಟ್ಟಿಗೆಗಳಲ್ಲಿ ಚಾವಣಿ ಮುಟ್ಟುವ ತನಕ. ಅಲ್ಲಿ ಕೆಲಸ ಇಬ್ಬಿಬ್ಬರದು. ಒಬ್ಬ ಒಳಗೆ ನಿಂತು ಪೆಟ್ಟಿಗೆ ಜೋಡಿಸುತ್ತಾನೆ. ಇನ್ನೊಬ್ಬ ಬಾಗಿಲ ಹೊರಗಿನ ಹಜಾರದಲ್ಲಿ ಲಾರಿಯಿಂದ ಇಳಿದ ಮಾಲನ್ನು ತಳ್ಳುಗಾಡಿಗೆ ಹೇರುತ್ತಾನೆ. ಅರ್ಧ ಗಂಟೆಗೊಮ್ಮೆ ಅದಲುಬದಲು. ಹೆಚ್ಚು ಹೊತ್ತು ಒಳಗಿದ್ದರೆ ಮೊದಲು ಬೆರಳು ಮರಗಟ್ಟುತ್ತದೆ, ಆಮೇಲೆ ಬುದ್ಧಿ. ಒಂದು ಸಲ ಅಂಗಡಿಯಲ್ಲಿ ಚಹಾ ಕುಡಿಯುತ್ತಾ ಭಾವ ಹೇಳಿದ್ದರು: "ಚಳಿ ಆಗ್ತಾ ಇರೋವರೆಗೆ ಭಯ ಇಲ್ಲ ಭಾಮೈದ. ಚಳಿ ನಿಂತು ಹಾಯಾಗಿ ನಿದ್ದೆ ಬಂತು ನೋಡು, ಆಗ ಓಡಬೇಕು."

ಆ ಬಾಗಿಲಿಗೆ ಒಳಗಿನಿಂದ ತಳ್ಳಿ ತೆರೆಯುವ ಸಲಾಕೆ ಇದೆ. ಸಲಾಕೆಯ ಪಕ್ಕದಲ್ಲಿ ಗೋಡೆಗೆ ಒಂದು ಕೆಂಪು ಗುಂಡಿಯೂ ಇತ್ತು. ಒತ್ತಿದರೆ ಹಜಾರದಲ್ಲಿ ಗಂಟೆ ಬಡಿದುಕೊಳ್ಳುತ್ತಿತ್ತು. ಇತ್ತು ಎಂದು ಬರೆಯಬೇಕಾಗಿದೆ, ಯಾಕೆಂದರೆ ಬಳೆ ಬಂದ ಮೇಲೆ ಅದನ್ನು ಕಿತ್ತುಹಾಕಿದರು.

ಬಳೆ ಎಂದರೆ ಮಣಿಕಟ್ಟಿಗೆ ಕಟ್ಟುವ ಕಪ್ಪು ರಬ್ಬರಿನ ಪಟ್ಟಿ. ನಡುವೆ ಗಡಿಯಾರದ ಹಾಗೆ ಒಂದು ಗಾಜು. ಕಟ್ಟಿಕೊಂಡವನು ಎಷ್ಟು ನಡೆದ, ಎಷ್ಟು ಹೊತ್ತು ಸುಮ್ಮನೆ ನಿಂತ, ಎದೆ ಎಷ್ಟು ಬಡಿಯಿತು, ಈಗ ಎಲ್ಲಿದ್ದಾನೆ ಎಂಬುದೆಲ್ಲ ಸೂಪರ್‌ವೈಸರನ ಕೈಯ ಟ್ಯಾಬಿಗೆ ಹೋಗಿ ಬೀಳುತ್ತದೆ. ಪಕ್ಕದಲ್ಲೊಂದು ಪುಟ್ಟ ಗುಂಡಿ. ಒತ್ತಿ ಹಿಡಿದರೆ ಸಹಾಯಕ್ಕೆ ಕೂಗಿದ ಹಾಗೆ. ಪ್ರತಿಯೊಬ್ಬನ ಕೈಯಲ್ಲೂ ಗಂಟೆ ಇರುವಾಗ ಗೋಡೆಯಲ್ಲಿ ಯಾಕೆ ಎಂದು ಮೇಲಿನವರು ಗೋಡೆಯದನ್ನು ಕೀಳಿಸಿದರು. ಪಟ್ಟಿ ಕಟ್ಟಿದ ದಿನ ಕುಳ್ಳ ಕೈ ಮೇಲೆತ್ತಿ ಎಲ್ಲರಿಗೂ ತೋರಿಸಿದನಂತೆ: "ನೋಡ್ರಪ್ಪಾ, ಗಂಡಸರಿಗೆಲ್ಲ ಬಳೆ ತೊಡ್ಸಿದ್ರು. ಇನ್ಮೇಲೆ ಯಾರೂ ಮೀಸೆ ತಿರುವೋ ಹಾಗಿಲ್ಲ!" ಅಂದಿನಿಂದ ಅದು ಬಳೆ.

ಆ ಬಳೆಗೆ ಚಳಿ ಆಗಿಬರುತ್ತಿರಲಿಲ್ಲ. ಮೂರನೇ ಕೋಣೆಗೆ ಹೋದ ಸ್ವಲ್ಪ ಹೊತ್ತಿಗೆಲ್ಲ ಬ್ಯಾಟರಿ ಸತ್ತುಹೋಗುತ್ತಿತ್ತು. ಒಳಗೆ ಮನುಷ್ಯ ಬೆನ್ನು ಮುರಿದುಕೊಂಡು ಪೆಟ್ಟಿಗೆ ಹೊರುತ್ತಿದ್ದರೂ ಹೊರಗೆ ಟ್ಯಾಬಿನಲ್ಲಿ ಅವನ ಹೆಸರು ಕೆಂಪಗಾಗಿ 'ಕೆಲಸದಲ್ಲಿಲ್ಲ' ಎಂದು ತೋರಿಸುತ್ತಿತ್ತು. ಕೆಂಪಾದ ಹೆಸರುಗಳನ್ನು ಊಟದ ಕೋಣೆಯ ಗೋಡೆಯ ಮೇಲೆ ದೊಡ್ಡ ಪರದೆಯಲ್ಲಿ ಹಾಕುತ್ತಿದ್ದರು. ಮೇಲಿಂದ ಮೇಲೆ ಕೆಂಪಾದವನನ್ನು ಕೆಲಸದಿಂದ ತೆಗೆಯುವ ಮಾತಿತ್ತು. ಆ ಕಟ್ಟಡದಲ್ಲಿ ಎಲ್ಲರಿಗಿಂತ ಹೆಚ್ಚು ಹೊರುವ ನಮ್ಮ ಭಾವ ಸೋಮಾರಿಗಳ ಸಾಲಿನಲ್ಲಿ ಮೊದಲಿಗರು! ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು. ಭಾವ ಮಾತ್ರ ಸಮಾಧಾನವಾಗಿ ಹೋಗಿ ಸೂಪರ್‌ವೈಸರನಿಗೆ ವಿಷಯ ಹೇಳಿ ಬಂದರು. ಅವನು ಚಿಕ್ಕ ವಯಸ್ಸಿನವನು, ಕೆಟ್ಟವನೇನಲ್ಲ. ಟ್ಯಾಬಿನಿಂದ ತಲೆ ಎತ್ತದೆ ನಡೆದು ಕಂಬಕ್ಕೆ ಡಿಕ್ಕಿ ಹೊಡೆದು, ಕಂಬಕ್ಕೇ 'ಸಾರಿ' ಹೇಳಿದವನು ಎಂದು ಕುಳ್ಳ ನಗುತ್ತಾನೆ. "ಮೇಲಕ್ಕೆ ಹೇಳಿದೀನಿ ಯಜಮಾನ್ರೇ, ಅಲ್ಲೀವರೆಗೆ ಹೇಗೋ ಹೊಂದ್ಕೊಳ್ಳಿ" ಎಂದನಂತೆ.

ಹೇಗೋ ಹೊಂದಿಕೊಂಡರು. ಒಳಗೆ ಹೋಗುವವನು ಬಾಗಿಲ ಹತ್ತಿರ ಬಳೆ ಬಿಚ್ಚಿ ಹೊರಗಿರುವವನ ಕೈಗೆ ಕಟ್ಟುವುದು. ಹೊರಗಿನವನ ಒಂದೇ ಕೈಯಲ್ಲಿ ಎರಡು ಬಳೆ, ತೋಳಿನ ಬಟ್ಟೆ ಕೆಳಗೆಳೆದು ಮುಚ್ಚಿಕೊಂಡು ಓಡಾಟ. ಒಳಗಿನವನು ಹೊರಗೆ ಬಂದ ಮೇಲೆ ಎರಡೂ ಅವನ ಕೈಗೆ. ಕೆಂಪು ಹೆಸರು ನಿಂತೇಹೋಯಿತು. ಮೂರನೇ ಕೋಣೆಯವರೆಲ್ಲ ಹೀಗೆಯೇ ಮಾಡುತ್ತಿದ್ದರು. ಸೂಪರ್‌ವೈಸರನಿಗೆ ಗೊತ್ತಿರಲಿಲ್ಲ, ಟ್ಯಾಬು ಹಸಿರಾಗಿದ್ದರೆ ಅವನಿಗೆ ಲೋಕವೇ ಹಸಿರು.

"ಇದೆಂಥ ಆಟ ಭಾವ? ನಿಮ್ಮ ಎದೆಬಡಿತ ಅವನ ಕೈಯಲ್ಲಿ!" ಎಂದು ನಾನು ಬೈದೆ.

"ಕೆಲಸ ನಾನು ಮಾಡ್ತೀನಿ, ಹಾಜರಿ ಅವನು ಹೇಳ್ತಾನೆ. ನಿಮ್ಮಕ್ಕ ನಾನು ಇಷ್ಟು ವರ್ಷ ಸಂಸಾರ ಮಾಡಿದ್ದೂ ಹಾಗೇ ಅಲ್ವಾ?" ಎಂದು ಅವರು ಚಹಾದ ಲೋಟ ಎರಡೂ ಕೈಯಲ್ಲಿ ಹಿಡಿದು ಊದಿದರು.

ಅಕ್ಕನಿಗೆ ಈ ಅದಲುಬದಲು ಗೊತ್ತಿರಲಿಲ್ಲ. ಬಳೆಯ ಸುದ್ದಿ ಮನೆಯವರ ಮೊಬೈಲಿಗೂ ಬರುವ ಹಾಗೆ ಕಂಪನಿಯವರು ಮಾಡಿಕೊಟ್ಟಿದ್ದರು. ಅವಳು ಮೊಬೈಲನ್ನು ಹಿಟ್ಟಿನ ಡಬ್ಬಕ್ಕೆ ಒರಗಿಸಿಟ್ಟುಕೊಂಡು, ಈರುಳ್ಳಿ ಹೆಚ್ಚುತ್ತಾ, ಬಟ್ಟೆ ಮಡಿಸುತ್ತಾ ಗಂಡನ ಎದೆಬಡಿತ ನೋಡುತ್ತಿದ್ದಳು. ಒಂದು ಹಸಿರು ಚುಕ್ಕೆ, ಅದರ ಪಕ್ಕ ಒಂದು ಸಂಖ್ಯೆ. "ಈಗ ಊಟಕ್ಕೆ ಕೂತ್ರು ಅನ್ಸುತ್ತೆ, ಎಪ್ಪತ್ತೆರಡಿದೆ" ಎಂದು ನನಗೆ ವರದಿ ಬೇರೆ. ಅದರಲ್ಲಿ ಅರ್ಧ ದಿನ ಅವಳು ನೋಡುತ್ತಿದ್ದದ್ದು ಕುಳ್ಳನ ಎದೆ ಎಂದು ಹೇಳುವ ಧೈರ್ಯ ಭಾವನಿಗೂ ಇರಲಿಲ್ಲ, ನನಗೂ ಇರಲಿಲ್ಲ.

ಆ ದಿನ ಊಟದ ಹೊತ್ತು ಮುಗಿದಿತ್ತು. ನಾನು ಒಂದು ಲಾರಿಯ ಹಿಂದಿನ ಚಕ್ರ ಬಿಚ್ಚಿ ಕೂತಿದ್ದೆ. ಅಕ್ಕನ ಫೋನು ಬಂತು.

"ಲೋ, ನಿಮ್ಮ ಭಾವ ಆಸ್ಪತ್ರೇಲಿದಾರೆ ಕಣೋ!"

"ಯಾರು ಹೇಳಿದ್ದು?"

"ಯಾರು ಹೇಳ್ಬೇಕು, ಚುಕ್ಕೆ ಅಲ್ಲೇ ಇದೆ! ಆಗ್ಲೇ ಗೇಟು ದಾಟಿ ಹೊರಟ್ರು. ಎಲ್ಲೋ ಮಾಲು ತರೋಕೆ ಹೋಗಿದಾರೆ ಅಂತ ಸುಮ್ನಿದ್ದೆ. ಈಗ ನೋಡಿದ್ರೆ ದೊಡ್ಡಾಸ್ಪತ್ರೆ. ಬಡಿತ ನೂರಾ ಇಪ್ಪತ್ತಕ್ಕೆ ಹೋಗಿದೆ. ಫೋನ್ ಮಾಡಿದ್ರೆ ಎತ್ತಲ್ಲ."

ಫೋನು ಎತ್ತದಿರುವುದು ಹೊಸದಲ್ಲ. ಕೋಣೆಯೊಳಗೆ ಮೊಬೈಲು ಬಿಡುವುದಿಲ್ಲ, ಅದು ಅವರ ಬೀರುವಿನಲ್ಲಿರುತ್ತದೆ. ಚುಕ್ಕೆ ಕುಳ್ಳನ ಕೈಯದ್ದಿರಬಹುದು ಎಂಬ ಯೋಚನೆ ನನಗೆ ಆಗಲೇ ಬರಬೇಕಿತ್ತು. ಆದರೆ ಅಕ್ಕನ ದನಿ ಕೇಳಿದ ಮೇಲೆ ತಲೆಯಲ್ಲಿ ಬೇರೆ ಯಾವ ಯೋಚನೆಗೂ ಜಾಗ ಇರಲಿಲ್ಲ. ಭಾವನ ಅಪ್ಪ ಎದೆನೋವಿನಿಂದಲೇ ಹೋದವರು. ಲಾರಿ ಡ್ರೈವರು "ಏ, ಚಕ್ರ ಹಾಕಿ ಹೋಗಪ್ಪಾ!" ಎಂದು ಕೂಗುತ್ತಿದ್ದಂತೆ ಸ್ಕೂಟರ್ ಹತ್ತಿದೆ. ಕೈಯಲ್ಲಿದ್ದ, ಟೈರ್ ಬಿಚ್ಚುವ ಕಬ್ಬಿಣದ ಲೀವರು ಕಾಲಡಿಯ ಜಾಗಕ್ಕೆ ಬಿತ್ತು.

ಅಕ್ಕ ಬೀದಿಯ ತುದಿಯಲ್ಲಿ ಕಾಯುತ್ತಿದ್ದಳು. ಒಂದು ಕಾಲಿಗೆ ಅವಳ ಚಪ್ಪಲಿ, ಇನ್ನೊಂದಕ್ಕೆ ಭಾವನದು. ಹಿಂದೆ ಕೂತವಳು ದಾರಿಯುದ್ದಕ್ಕೂ ನನ್ನ ಕಿವಿಯಲ್ಲಿ ಅದೊಂದೇ ಸಂಖ್ಯೆ ಕೂಗಿದಳು. "ನೂರಾ ಹದಿನೆಂಟು... ನೂರಾ ಇಪ್ಪತ್ತಾರು... ಲೋ, ಏರ್ತಾನೇ ಇದೆ, ಬೇಗ ಹೋಗೋ!" ಸಿಗ್ನಲ್ಲಿನಲ್ಲಿ ನಿಂತಾಗ ಮುಂದಿನ ಕಾರಿನವನನ್ನು ನಾನು ಏನೆಂದು ಬೈದೆನೋ, ಅದನ್ನು ಬರೆಯುವ ಹಾಗಿಲ್ಲ.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಕೇಳಿದೆವು. ಬಿಳಿ ಮೀಸೆಯ ಗಂಡಸು ಯಾರೂ ಬಂದಿಲ್ಲ ಎಂದರು. ಎದೆಯ ಡಾಕ್ಟರ ಕೋಣೆಯ ಮುಂದೆ ನೋಡಿದೆವು. ಇಲ್ಲ. ಅಕ್ಕ ಮೊಬೈಲನ್ನು ಮುಖದ ಮುಂದೆ ಹಿಡಿದು ಕುರುಡಿಯ ಹಾಗೆ ನಡೆಯುತ್ತಿದ್ದಳು. ಚುಕ್ಕೆ ಈ ಕಟ್ಟಡದಲ್ಲೇ ಇದೆ. ಮೆಟ್ಟಿಲು ಹತ್ತಿದೆವು. ಮೇಲಿನ ಬಾಗಿಲಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು: ಹೆರಿಗೆ ವಿಭಾಗ.

ಅಕ್ಕ ನನ್ನ ಮುಖ ನೋಡಿದಳು. ನಾನು ಅಕ್ಕನ ಮುಖ ನೋಡಿದೆ.

"ಇವರಿಗೆ ಇಲ್ಲೇನೋ ಕೆಲಸ?" ಎಂದಳು. ದನಿಯಲ್ಲಿ ಹೆದರಿಕೆಯ ಜೊತೆ ಇನ್ನೊಂದೇನೋ ಸೇರಿಕೊಂಡಿತ್ತು.

"ಅದೇನಾದ್ರೂ ಆಗಿದ್ರೆ ಕರಡೀನ ನಾನೇ ಸುಲೀತೀನಿ" ಎಂದು ಬಾಗಿಲು ತಳ್ಳಿದೆ. "ಗಂಡಸರು ಬರಬಾರದು" ಎಂದು ನರ್ಸಮ್ಮ ಅಡ್ಡ ಬಂದರು. ಅವರ ಹಿಂದೆ ಉದ್ದನೆಯ ಓಣಿ. ಓಣಿಯ ಆ ತುದಿಯಿಂದ ಈ ತುದಿಗೆ ಒಬ್ಬ ಕುಳ್ಳ ಮನುಷ್ಯ ಸರಸರನೆ ನಡೆಯುತ್ತಿದ್ದ. ಒಳಗಿನಿಂದ ಹೆಣ್ಣಿನ ಚೀರಾಟ ಕೇಳಿಸಿತು. ಅವನು ಗಕ್ಕನೆ ನಿಂತ. ಅಕ್ಕನ ಮೊಬೈಲಿನಲ್ಲಿ ಸಂಖ್ಯೆ ಜಿಗಿಯಿತು. ಚೀರಾಟ ನಿಂತಿತು. ಅವನು ಗೋಡೆಗೆ ಒರಗಿ ಉಸಿರು ಬಿಟ್ಟ. ಸಂಖ್ಯೆ ಇಳಿಯಿತು.

ಅಕ್ಕ ಅದನ್ನು ನೋಡಿದಳು. ನಾನೂ ನೋಡಿದೆ. ನರ್ಸಮ್ಮನನ್ನು ದಾಟಿ ಹೋಗಿ ಕುಳ್ಳನ ಎಡಗೈ ಹಿಡಿದು ತೋಳು ಮೇಲಕ್ಕೆ ಸರಿಸಿದೆ. ಎರಡು ಬಳೆ.

"ಭಾವ ಎಲ್ಲೋ?"

ಅವನು ತನ್ನ ಕೈಯನ್ನು ಯಾರದೋ ಕೈ ಎಂಬ ಹಾಗೆ ನೋಡಿಕೊಂಡ. "ಅಣ್ಣಾ... ನೋವು ಬಂತು ಅಂತ ಫೋನ್ ಬಂತಣ್ಣ. ಬಾಗಿಲು ತೆಗೆದು ಕೂಗಿದೆ, ಕರಡೀ, ಹೋಗ್ತೀನಿ ಅಂತ. ಹೋಗು ಹೋಗು ಅಂದ. ಓಡಿಬಂದೆ. ಬಳೆ ನೆನಪೇ... ಅವನಿಗೂ ನೆನಪಾಗ್ಲಿಲ್ಲ, ನನಗೂ ಆಗ್ಲಿಲ್ಲ." ಕೊನೆಗೆ ನನಗಿಂತ ಹೆಚ್ಚಾಗಿ ತನಗೇ ಹೇಳಿಕೊಳ್ಳುವ ಹಾಗೆ ಹೇಳಿದ: "ಬಾಗಿಲು ಒಳಗಿಂದ ತೆಗೆಯುತ್ತಲ್ಲ. ಈ ಹೊತ್ತಿಗೆ ಆಚೆ ಬಂದಿರ್ತಾನೆ."

"ಬಂದಿದ್ರೆ ಫೋನ್ ಎತ್ತುತ್ತಿದ್ರು" ಎಂದಳು ಅಕ್ಕ.

ಆಗ ಕುಳ್ಳನಿಗೆ ಪೂರ್ತಿ ಹೊಳೆಯಿತು. ಅವನು ನನ್ನ ಅಂಗಿ ಹಿಡಿದುಕೊಂಡ. "ಅಣ್ಣಾ, ಇಬ್ಬರ ಬಳೆನೂ ಗೇಟು ದಾಟಿಬಿಟ್ಟಿದೆ. ಟ್ಯಾಬಲ್ಲಿ ಕೋಣೆ ಖಾಲಿ ಅಂತ ತೋರ್ಸುತ್ತೆ. ಖಾಲಿ ಅಂತ ಬಂದ್ರೆ ದೀಪ ಆರ್ಸಿ ಹೊರಗಡೆಯಿಂದ ಅಡ್ಡಪಟ್ಟಿ ಹಾಕಿ ಬೀಗ ಜಡೀತಾರೆ. ಕಳ್ಳತನ ಆಗುತ್ತೆ ಅಂತ. ಅಡ್ಡಪಟ್ಟಿ ಬಿದ್ರೆ ಒಳಗಿನ ಸಲಾಕೆ ಕೆಲ್ಸ ಮಾಡಲ್ಲ."

"ಮತ್ತೆ ಯಾವಾಗ ತೆಗೀತಾರೆ?"

"ಇವತ್ತು ಲಾರಿ ಇಲ್ಲ. ಬೆಳಿಗ್ಗೆ."

ಬೆಳಿಗ್ಗೆ ಎಂಬ ಮಾತು ಕೇಳಿದ್ದೇ ತಡ, ಕುಳ್ಳನ ಕೆನ್ನೆಗೆ ಬಾರಿಸಲು ಕೈ ಎತ್ತಿದ್ದೆ. ಒಳಗಿನಿಂದ ಮತ್ತೆ ಅವನ ಹೆಂಡತಿ ಕೂಗಿದಳು. ಅಕ್ಕ ನನ್ನ ಕೈ ಕೆಳಗಿಳಿಸಿ, ಅವನ ತೋಳಿನಿಂದ ಭಾವನ ಬಳೆ ಬಿಚ್ಚಿಕೊಂಡಳು. "ನಾನೂ ಬರ್ತೀನಕ್ಕ" ಎಂದು ಅವನು ಹೊರಟ. "ನೀನು ಇಲ್ಲೇ ಇರು. ಅವಳು ಕಣ್ಣು ಬಿಟ್ಟಾಗ ನೀನು ಕಾಣ್ಬೇಕು. ನಿನ್ನ ಸೂಪರ್‌ವೈಸರ್‌ಗೆ ಫೋನ್ ಮಾಡ್ತಾ ಇರು" ಎಂದಳು. ಆ ಹೊತ್ತಿನಲ್ಲೂ ಅವಳಿಗೆ ಅದು ತೋಚಿತು.

ಕುಳ್ಳ ಫೋನು ಮಾಡಿದ್ದನಂತೆ, ಮೇಲಿಂದ ಮೇಲೆ. ಸೂಪರ್‌ವೈಸರ್ ಮೀಟಿಂಗಿನಲ್ಲಿದ್ದ. ಫೋನು ಮೂಕವಾಗಿತ್ತು.

ವಾಪಸು ಬರುವಾಗ ಅಕ್ಕ ಸಂಖ್ಯೆ ಕೂಗಲಿಲ್ಲ. ಅದಕ್ಕಿಂತ ಅವಳು ಅತ್ತಿದ್ದರೆ ವಾಸಿಯಿತ್ತು. ಬಿಸಿಲು ನೆತ್ತಿ ಸುಡುತ್ತಿತ್ತು; ರಸ್ತೆಯ ಡಾಂಬರು ಚಕ್ರಕ್ಕೆ ಅಂಟುತ್ತಿತ್ತು. ಇಷ್ಟು ಕಾವಿನಲ್ಲಿ ಒಬ್ಬ ಮನುಷ್ಯ ಚಳಿಗೆ ಸಾಯುತ್ತಿದ್ದಾನೆ ಎಂದರೆ ಯಾರು ನಂಬುತ್ತಾರೆ? ಹಾಯಾಗಿ ನಿದ್ದೆ ಬಂತು ನೋಡು ಎಂದಿದ್ದರಲ್ಲ, ಆ ಮಾತು ನನ್ನ ತಲೆಯೊಳಗೆ ಗಾಣದ ಹಾಗೆ ಸುತ್ತುತ್ತಿತ್ತು. ಮಲಗಬೇಡಿ ಭಾವ, ಎಲ್ಲಿ ಬೇಕಾದರೂ ಬರುವ ಆ ಹಾಳು ನಿದ್ದೆ ಇವತ್ತೊಂದು ದಿನ ಮಾಡಬೇಡಿ ಎಂದು ಗಟ್ಟಿಯಾಗಿಯೇ ಬೈಯುತ್ತಾ ಗಾಡಿ ಓಡಿಸಿದೆ.

ಗೇಟಿನ ಕಾವಲುಗಾರ ನಮ್ಮನ್ನು ಬಲ್ಲವನು. ಆದರೂ ಕಟ್ಟಿಗೆಯ ಅಡ್ಡಗಂಬ ಎತ್ತಲಿಲ್ಲ. "ಒಳಗೆ ಕೇಳ್ಬೇಕು" ಎಂದ. ನಾನು ಗಾಡಿ ಅಲ್ಲೇ ಬೀಳಿಸಿ, ಲೀವರು ಎತ್ತಿಕೊಂಡು ಅಡ್ಡಗಂಬದ ಕೆಳಗೆ ನುಗ್ಗಿದೆ. ಅಕ್ಕ ನನ್ನ ಹಿಂದೆ. ಅಷ್ಟರಲ್ಲಿ ಗದ್ದಲ ಕೇಳಿ ಸೂಪರ್‌ವೈಸರ್ ಕಚೇರಿಯಿಂದ ಓಡಿಬಂದ, ಟ್ಯಾಬು ಎದೆಗೆ ಅವಚಿಕೊಂಡು.

"ಏನ್ರೀ ಇದು, ಕೈಯಲ್ಲಿ ಕಬ್ಬಿಣ ಹಿಡ್ಕೊಂಡು?"

"ಮೂರನೇ ಕೋಣೆ ತೆಗಿ. ನಮ್ಮ ಭಾವ ಒಳಗಿದಾರೆ."

"ಇಲ್ಲಾರೀ. ಅವರು ಜೊತೆಗಾರನ ಸಂಗಡ ಆಸ್ಪತ್ರೆಗೆ ಹೋದ್ರು. ನಾನೇ ನೋಡಿ ಕೋಣೆ ಮುಚ್ಚಿಸಿದ್ದು."

"ಏನು ನೋಡ್ದೆ? ಮನುಷ್ಯರನ್ನ ನೋಡ್ದೆಯಾ, ಚುಕ್ಕೆ ನೋಡ್ದೆಯಾ?"

ಅವನ ಟ್ಯಾಬು ಆಗಲೇ ಟಿಂಗ್ ಎಂದಿತು. ಅವನ ಮುಖ ಅರಳಿತು. ಟ್ಯಾಬು ನನ್ನ ಕಡೆ ತಿರುಗಿಸಿದ. "ನೋಡಿ, ನೀವೇ ನೋಡಿ! ಈಗಷ್ಟೇ ವಾಪಸ್ ಬಂದಿದಾರೆ. ಗೇಟಿನ ಹತ್ರಾನೇ ಇದಾರೆ. ಹೆಸರು ಹಸಿರಾಗಿದೆ, ಬಡಿತ ನೂರಾ ನಲವತ್ತು."

ನನಗೆ ಅರೆಗಳಿಗೆ ನಿಜವಾಗಿಯೂ ತಲೆ ಸುತ್ತಿತು. ಗೇಟಿನ ಕಡೆ ತಿರುಗಿ ನೋಡಿಯೂಬಿಟ್ಟೆ. ಕಾವಲುಗಾರನ ವಿನಾ ಯಾರಿದ್ದಾರೆ?

ಅಕ್ಕ ಮುಂದೆ ಬಂದಳು. ತೋಳು ಮೇಲೆತ್ತಿ ಮಣಿಕಟ್ಟನ್ನು ಅವನ ಕಣ್ಣಿನ ಮುಂದೆ ಹಿಡಿದಳು. ಕಳೆದುಹೋಗದಿರಲಿ ಎಂದು ದಾರಿಯಲ್ಲಿ ಭಾವನ ಬಳೆಯನ್ನು ತಾನೇ ಕಟ್ಟಿಕೊಂಡಿದ್ದಳು. ಕಟ್ಟಿಕೊಂಡಿದ್ದು ಅವಳಿಗೂ ಮರೆತಿತ್ತು.

"ಇದು ನನ್ನ ಕೈ ಕಣಪ್ಪಾ" ಎಂದಳು. "ಇದು ನನ್ನ ಎದೆ ಬಡೀತಾ ಇರೋದು. ಅವರದ್ದನ್ನ ನೀನು ಒಳಗಿಟ್ಟು ಬೀಗ ಹಾಕಿದೀಯಾ."

ಆ ಹುಡುಗ ಬಳೆ ನೋಡಿದ, ಟ್ಯಾಬು ನೋಡಿದ, ಮತ್ತೆ ಬಳೆ ನೋಡಿದ. ಆಮೇಲೆ ಓಡಿದ. ಟ್ಯಾಬು ಅಂಗಳದಲ್ಲಿ ಬಿತ್ತು. ಅವನು ತಿರುಗಿಯೂ ನೋಡಲಿಲ್ಲ.

ಹಜಾರದಲ್ಲಿ ಯಂತ್ರಗಳ ಗುಂಯ್ ಸದ್ದು. ಗೇಣು ದಪ್ಪದ ಬಾಗಿಲು. ಕಿವಿಯಿಟ್ಟು ಕೇಳಿದರೆ ಏನೂ ಇಲ್ಲ. ಗೋಡೆಯಲ್ಲಿ ಗಂಟೆ ಇದ್ದ ಜಾಗದಲ್ಲಿ ಎರಡು ತೂತು, ತೂತಿನಿಂದ ಇಣುಕುವ ತಂತಿ. ಸೂಪರ್‌ವೈಸರ್ ಬೀಗದ ಕೈ ತೆಗೆದ. ಅದು ಬೀಗಕ್ಕೆ ಕೂರಲೇ ಇಲ್ಲ. ಒಮ್ಮೆ ಬಿತ್ತು, ಎತ್ತಿಕೊಂಡ, ಮತ್ತೆ ಬಿತ್ತು. ನಾನು ಅವನನ್ನು ಪಕ್ಕಕ್ಕೆ ತಳ್ಳಿ ಅಡ್ಡಪಟ್ಟಿಯ ಕೊಂಡಿಗೆ ಲೀವರು ತೂರಿಸಿದೆ. ಹಟ ಹಿಡಿದ ಟೈರನ್ನು ರಿಮ್ಮಿನಿಂದ ಎಬ್ಬಿಸುವ ಹಾಗೆ ಮೈಭಾರವೆಲ್ಲ ಹಾಕಿ ಒತ್ತಿದೆ. ಕೊಂಡಿ ಮೊಳೆಗಳ ಸಮೇತ ಎದ್ದು ಬಂತು.

ಬಾಗಿಲು ತೆರೆದರೆ ಬಿಳಿ ಹೊಗೆ, ಕತ್ತಲೆ, ಗಾಳಿ ಊದುವ ಯಂತ್ರದ ಬೊಬ್ಬೆ. ಚಳಿ ಮುಖಕ್ಕೆ ಹಲಗೆಯ ಹಾಗೆ ಬಡಿಯಿತು. "ಭಾವಾ!" ಎಂದು ಕೂಗಿದೆ. ಉತ್ತರವಿಲ್ಲ. ಮೊಬೈಲಿನ ಬೆಳಕು ಬಿಟ್ಟೆ. ಬಾಗಿಲಿನ ಒಳಮೈ ತಗ್ಗುತಗ್ಗಾಗಿತ್ತು. ತಳ್ಳುಗಾಡಿಯಿಂದ ಗುದ್ದಿದ ಗುರುತು. ಗಾಡಿ ಅಲ್ಲೇ ಮಗುಚಿಕೊಂಡಿತ್ತು. ಮನುಷ್ಯ ಇಲ್ಲ.

ಆಗ ಒಳಗಿನ ಮೂಲೆಯಿಂದ ಸದ್ದು ಕೇಳಿಸಿತು. ಧಪ್. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ, ಧಪ್.

ಭಾವ ಕೆಲಸ ಮಾಡುತ್ತಿದ್ದರು. ಆ ಕತ್ತಲೆಯಲ್ಲಿ, ಗಾಳಿ ಬಡಿಯದ ಮೂಲೆಯಲ್ಲಿ, ಒಂದು ಗೋಡೆಯಿಂದ ಪೆಟ್ಟಿಗೆ ಎತ್ತಿ ಎದುರು ಗೋಡೆಗೆ ಇಡುತ್ತಿದ್ದರು. ಆ ಗೋಡೆ ತುಂಬಿದ ಮೇಲೆ ಅಲ್ಲಿಂದ ಇಲ್ಲಿಗೆ. ನಿಂತರೆ ನಿದ್ದೆ ಬರುತ್ತದೆ ಎಂದು ನಿಲ್ಲಲೇ ಇಲ್ಲ. ಬೆಳಕು ಮುಖಕ್ಕೆ ಬಿದ್ದರೂ ತಿರುಗಲಿಲ್ಲ. ಹೆಜ್ಜೆ ಎಳೆಯುತ್ತಾ ಬಂದು ನನ್ನ ಎದೆಗೆ ಪೆಟ್ಟಿಗೆ ತಾಗಿಸಿ ನಿಂತರು. ನನ್ನನ್ನೂ ಒಂದು ಗೋಡೆ ಎಂದುಕೊಂಡಿರಬೇಕು. ಕಣ್ಣು ತೆರೆದಿದ್ದವು, ಗುರುತು ಇರಲಿಲ್ಲ.

"ಬಿಡಿ ಭಾವ, ಪೆಟ್ಟಿಗೆ ಬಿಡಿ!" ಬಿಡಲಿಲ್ಲ. ಬೆರಳುಗಳು ಅದನ್ನು ಹಿಡಿದಂತೆಯೇ ಮರಗಟ್ಟಿದ್ದವು. ಕೊನೆಗೆ ನಾನು ಹಿಂದಿನಿಂದ, ಸೂಪರ್‌ವೈಸರ್ ಮುಂದಿನಿಂದ, ಪೆಟ್ಟಿಗೆಯ ಸಮೇತ ಅವರನ್ನು ಎತ್ತಿಕೊಂಡು ಹೊರಗೆ ತಂದೆವು. ಆ ಹುಡುಗನಿಗೆ ಕೋಟೂ ಇಲ್ಲ, ಕೈಗವಸೂ ಇಲ್ಲ. ಹಲ್ಲು ಕಟಕಟ ಎನ್ನುತ್ತಿದ್ದರೂ ಕೈ ಬಿಡಲಿಲ್ಲ, ಅದನ್ನು ಹೇಳಲೇಬೇಕು.

ಹಜಾರದ ನೆಲದ ಮೇಲೆ ಮಲಗಿಸಿ, ಬೆರಳು ಒಂದೊಂದಾಗಿ ಬಿಡಿಸಿ ಪೆಟ್ಟಿಗೆ ತೆಗೆದೆವು. ಅಕ್ಕ ಅವರ ಕೋಟಿನ ತೋಳು ಸರಿಸಿ, ತನ್ನ ಕೈಯ ಬಳೆ ಬಿಚ್ಚಿ ಅವರ ಮಣಿಕಟ್ಟಿಗೆ ಕಟ್ಟಿದಳು. ಇಷ್ಟು ದಿನದ ಅಭ್ಯಾಸ, ಕೈ ತಾನಾಗಿಯೇ ಮಾಡಿತು. ಮೂವರೂ ಗಾಜಿನ ಮೇಲೆ ಬಗ್ಗಿದೆವು. ಗಾಜಿನಲ್ಲಿ ಒಂದು ಗೆರೆ ಸುತ್ತುತ್ತಲೇ ಇತ್ತು. ಸಂಖ್ಯೆ ಬರಲಿಲ್ಲ. ಸುತ್ತಿತು, ಸುತ್ತಿತು, ಆಮೇಲೆ ಎರಡು ಅಡ್ಡಗೆರೆ ತೋರಿಸಿ ಸುಮ್ಮನಾಯಿತು.

ಸೂಪರ್‌ವೈಸರ್ "ಅಯ್ಯೋ" ಎಂದು ಕೂತುಬಿಟ್ಟ.

ಅಕ್ಕ ಆ ಬಳೆಯನ್ನು ಕಿತ್ತು ಎಸೆದಳು. ಕೋಟಿನ ಗುಂಡಿಗಳನ್ನು ಹರಿದು ತೆಗೆದು, ಅಂಗಿ ಮೇಲೆತ್ತಿ, ಗಂಡನ ಎದೆಗೆ ಕಿವಿಯಿಟ್ಟಳು. ಯಂತ್ರದ ಗುಂಯ್ ಸದ್ದಿಗೆ ಕೇಳಿಸುತ್ತಿರಲಿಲ್ಲವೇನೋ, ನಮ್ಮ ಕಡೆ ಕೈ ಬೀಸಿದಳು. ನಾನು ಬಾಗಿಲನ್ನು ಒದ್ದು ಮುಚ್ಚಿದೆ. ಅವಳು ಕಣ್ಣು ಮುಚ್ಚಿ ಕೇಳಿದಳು. ನನ್ನ ಜೀವಮಾನದಲ್ಲಿ ಅಷ್ಟು ಹೊತ್ತು ನಾನು ಬಾಯಿ ಮುಚ್ಚಿಕೊಂಡು ಕೂತದ್ದಿಲ್ಲ.

"ಇದೆ" ಎಂದಳು. "ನಿಧಾನಕ್ಕೆ ಇದೆ. ಇದೆ ಕಣೋ."

ಕಂಬಳಿ ಬಂತು, ಕಾವಲುಗಾರ ಆಂಬುಲೆನ್ಸಿಗೆ ಫೋನು ಮಾಡಿದ. ಅಕ್ಕ ಅವರ ಕೈಗಳನ್ನು ತನ್ನ ಕಂಕುಳಲ್ಲಿ ಇರಿಸಿಕೊಂಡು ಕೂತಳು. ಆಂಬುಲೆನ್ಸ್ ಬರುವ ಹೊತ್ತಿಗೆ ಭಾವನ ಮೈ ಗಡಗಡ ನಡುಗತೊಡಗಿತು. ಆ ನಡುಕ ಕಂಡು ನನಗೆ ಅಳು ಬಂತು; ಚಳಿ ಆಗುತ್ತಿದೆ ಎಂದರೆ ಭಯವಿಲ್ಲ ಎಂದಿದ್ದರಲ್ಲ. ತುಟಿ ಅಲುಗಿತು. ಬಗ್ಗಿ ಕಿವಿಕೊಟ್ಟೆ.

"ಹೆಣ್ಣಾ... ಗಂಡಾ?" ಎಂದು ಕೇಳಿದರು.

ಹೆಣ್ಣು. ಅದೇ ಆಸ್ಪತ್ರೆಯಲ್ಲಿ ಕೆಳಗಿನ ಅಂತಸ್ತಿನಲ್ಲಿ ಭಾವ, ಮೇಲಿನ ಅಂತಸ್ತಿನಲ್ಲಿ ಕುಳ್ಳನ ಮಗಳು. ಕುಳ್ಳ ಮೆಟ್ಟಿಲು ಹತ್ತಿ ಇಳಿದು ಸವೆದುಹೋದ. ಕೊನೆಗೆ ಭಾವನ ಮುಂದೆ ಬಂದು ನಿಂತ. "ನಿನ್ನ ಎದೆ ನೂರಾ ಇಪ್ಪತ್ತಾರಕ್ಕೆ ಹೋಗಿತ್ತಂತೆ. ನನ್ನ ಹೆಸರಿಗೆ ಕೆಟ್ಟ ಹೆಸರು ತಂದ್ಯಲ್ಲೋ" ಎಂದರು ಭಾವ. ಅವರ ಎಡಗೈ ಕಿರುಬೆರಳಿನ ತುದಿ ಉಳಿಯಲಿಲ್ಲ. ಉಳಿದ ಬೆರಳುಗಳು ಉಳಿದವು.

ಭಾವ ಕೆಲಸಕ್ಕೆ ಮರಳಿದ ಮೇಲೆ ಮೇಲಿನವರು ಕೋಲ್ಡ್ ಸ್ಟೋರೇಜಿಗೆ ವಿಚಾರಣೆಗೆ ಬಂದರು. ಬಳೆ ಬಿಚ್ಚಿ ಇನ್ನೊಬ್ಬನಿಗೆ ಕಟ್ಟಿದ್ದು ಕೆಲಸದವರ ತಪ್ಪು ಎಂದರು. ಜೊತೆಗೆ ಹೋಗಿದ್ದ ನಾನು ಬಾಯಿ ತೆರೆಯುವ ಮೊದಲೇ ಭಾವ ನನ್ನನ್ನು ಹೊರಗೆ ಕಳಿಸಿದ್ದರಿಂದ ಒಳಗೆ ನಡೆದದ್ದನ್ನು ಕುಳ್ಳ ಹೇಳಿದ್ದು. ಭಾವ ಒಪ್ಪಿಕೊಂಡರಂತೆ. "ಹೌದು ಸ್ವಾಮಿ, ಅದು ನಮ್ಮ ತಪ್ಪೇ. ಗೋಡೆ ಗಂಟೆ ಯಾರ ತಪ್ಪು ಅಂತ ಬರ್ಕೊಳ್ತೀರಿ?" ಅಷ್ಟು ಹೇಳಿ, ಮತ್ತೆ ಕಟ್ಟಿಸಿದ್ದ ತಮ್ಮ ಬಳೆ ಬಿಚ್ಚಿ ಮೇಜಿನ ಮೇಲಿಟ್ಟರು. ಅದರ ಪಕ್ಕ ಕುಳ್ಳನದು. ಮೂರನೇ ಕೋಣೆಯವರೆಲ್ಲ ಒಬ್ಬೊಬ್ಬರಾಗಿ ಬಂದು ಇಟ್ಟು, ಹಜಾರದಲ್ಲಿ ಹೋಗಿ ನಿಂತರು. ಗದ್ದಲವಿಲ್ಲ, ಕೂಗಾಟವಿಲ್ಲ, ಗಂಟೆ ಬರುವ ತನಕ ಯಾರೂ ಒಳಗೆ ಹೋಗುವುದಿಲ್ಲ, ಅಷ್ಟೇ. ಹೊರಗೆ ಲಾರಿಯಲ್ಲಿ ಐಸ್‌ಕ್ರೀಮು ಕರಗುತ್ತಿತ್ತು. ಸೂಪರ್‌ವೈಸರ್ ಯಾರನ್ನೂ ಕೇಳದೆ ತಾನೇ ಹೋಗಿ ಎಲೆಕ್ಟ್ರಿಷಿಯನ್‌ನನ್ನು ಕರೆತಂದ.

ಈಗ ಒಳಗೆ ಹೋಗುವವನು ಮೊದಲು ಗುಂಡಿ ಒತ್ತುತ್ತಾನೆ. ಹೊರಗಿನವನು ಬಾಗಿಲಿಗೆ ಗುದ್ದಿ "ಕೇಳಿಸ್ತು" ಎನ್ನುತ್ತಾನೆ. ಆಮೇಲೆ ಕೆಲಸ. ಚಳಿ ತಡೆಯುವ ಹೊಸ ಬಳೆಯೂ ಬಂದಿದೆ. ಭಾವ ಅದನ್ನೂ ಕಟ್ಟಿಕೊಳ್ಳುತ್ತಾರೆ. ಬಿಚ್ಚುವುದಿಲ್ಲ.

ಮೊನ್ನೆ ಸಂಜೆ ಕೆಲಸ ಮುಗಿಸಿ ಬಂದವರು ಅಂಗಡಿಯಲ್ಲಿ ಕೂತು ಚಹಾ ಊದುತ್ತಿದ್ದರು. ಅಕ್ಕನ ಫೋನು ಬಂತು. ಕೈಯಲ್ಲಿ ಲೋಟ ಇದ್ದದ್ದರಿಂದ ಸ್ಪೀಕರಿಗೆ ಹಾಕಿದರು.

"ರೀ, ಎಲ್ಲಿದೀರಿ?"

"ಮೊಬೈಲಲ್ಲಿ ಚುಕ್ಕೆ ಇದೆಯಲ್ಲೇ, ನೋಡು."

"ನೋಡಿದೆ" ಎಂದಳು ಅಕ್ಕ. "ಈಗ ನೀವು ಹೇಳಿ."

ಭಾವ ಲೋಟ ಕೆಳಗಿಟ್ಟರು. "ನಿನ್ನ ತಮ್ಮನ ಅಂಗಡೀಲಿದೀನಿ. ಚಹಾ ಕುಡೀತಾ ಇದೀನಿ. ಬರ್ತೀನಿ" ಎಂದರು.